ರೋಮನ್ ಕವಿಯ ಮಡಿಬಟ್ಟೆ

ಮನೆಯಾಳು ಪಿಲ್ಬೀಮ್ ಎರಡನೆಯ ಕಪ್ ಚಹಾಕ್ಕೆ ಆಸೆಪಡದೆ ಎದ್ದು ಹೋಗಿದ್ದರೆ ಆ ದಿನದ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ. ಆದರೆ ಹೊರಗೆ ಮಾರ್ಚ್ ತಿಂಗಳ ಮಂಜು ಲಂಡನ್ನಿನ ಮೇಲೆ ಹಳದಿಗಟ್ಟಿ ಕೂತಿತ್ತು. ಒಳಗೆ ಅಡಿಗೆಮನೆಯ ಒಲೆ ಹದವಾಗಿ ಉರಿಯುತ್ತಿತ್ತು. ಅಡಿಗೆಯ ಮಿಸೆಸ್ ಗಾಸ್ಲಿಂಗ್ ಎಂದೂ ಇಲ್ಲದ ಔದಾರ್ಯದಿಂದ ಹುರಿದ ಮೀನಿನ ಇನ್ನೊಂದು ತುಂಡನ್ನು ಅವನ ತಟ್ಟೆಗೆ ಜಾರಿಸಿದ್ದಳು. ಯಜಮಾನರು ಬೆಳಿಗ್ಗೆಯೇ ಗಾಡಿ ಹತ್ತಿ ಪೇಟೆ ಕಡೆ ಹೋಗಿದ್ದರು. ಸಂಜೆ ಚಹಾದ ಹೊತ್ತಿಗೆ ಅತಿಥಿಯೊಬ್ಬರನ್ನು ಕರೆತರುವುದಾಗಿ ಹೇಳಿದ್ದರು. ಬೆಕ್ಕಿಲ್ಲದ ಮನೆಯಲ್ಲಿ ಇಲಿ ಲಾಗ ಹಾಕಿತು ಅನ್ನುತ್ತಾರೆ. ಪಿಲ್ಬೀಮ್ ಲಾಗ ಹಾಕುವಷ್ಟು ಹುರುಪಿನ ಇಲಿಯಲ್ಲ, ಸುಮ್ಮನೆ ಒಲೆಯ ಕಡೆಗೆ ಕಾಲು ಚಾಚಿ ಕೂತ.

ಆಗ ಬಾಗಿಲಲ್ಲಿ ಮಿಸೆಸ್ ಡ್ಯಾಬ್ ಕಾಣಿಸಿಕೊಂಡಳು. ಸೋಮವಾರ ಸೋಮವಾರ ಬಟ್ಟೆ ಒಗೆಯಲು ಬರುವ ಹೆಂಗಸು. ತೋಳು ಒನಕೆಯಂತಿದ್ದರೂ ಮನಸ್ಸು ಬೆಣ್ಣೆ. ಭಾನುವಾರ ಎರಡು ಹೊತ್ತೂ ಪ್ರಾರ್ಥನೆಗೆ ಹೋಗುವವಳು, ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡಿದವಳಲ್ಲ ಎಂದು ಸೇಂಟ್ ಜಾನ್ಸ್ ವುಡ್ ಬಡಾವಣೆಯ ಆ ಬೀದಿಯೇ ಆಣೆ ಮಾಡುತ್ತಿತ್ತು. ಮಾಂಸದಂಗಡಿಯ ತಕ್ಕಡಿಯ ಬಗ್ಗೆ ತಕರಾರು ಬಂದರೆ ಅಂಗಡಿಯವನೂ ಗಿರಾಕಿಯೂ ಇಬ್ಬರೂ ಇವಳನ್ನೇ ಸಾಕ್ಷಿಗೆ ಕರೆಯುತ್ತಿದ್ದರು.

ಹಂಡೆಯಲ್ಲಿ ನೀರು ಕುದಿಯುತ್ತಿದೆ, ಮೇಲಿನ ಬಟ್ಟೆ ಇನ್ನೂ ಇಳಿದಿಲ್ಲವಲ್ಲ ಎಂದು ಅವಳು ಕೇಳಿದಳು. ಮೇಲಿನ ಕೋಣೆಗಳ ಹಾಸಿಗೆ ಬಟ್ಟೆ, ಧೂಳು ಮುಸುಕು ಎಲ್ಲವನ್ನೂ ಪ್ರತಿ ವಾರ ಪಿಲ್ಬೀಮನೇ ಹೊತ್ತು ತಂದು ಹಾಕುತ್ತಿದ್ದ. ಈವತ್ತು ಕಪ್ಪಿನಲ್ಲಿ ಚಹಾ ಇನ್ನೂ ಅರ್ಧ ಇತ್ತು.

"ನೀವೇ ಹೋಗಿ ತಗೊಂಡ್ಬಿಡಿ ಮಿಸೆಸ್ ಡ್ಯಾಬ್," ಎಂದ, ತಲೆ ಎತ್ತದೆ. "ಬಿಳೀದು ಏನು ಕಂಡ್ರೂ ಬಾಚ್ಕೊಂಡ್ ಬನ್ನಿ."

ಮಿಸೆಸ್ ಡ್ಯಾಬ್ ಹೇಳಿದ ಮಾತನ್ನು ಹೇಳಿದ ಹಾಗೆ ಮಾಡುವವಳು. ಹೋದಳು, ಬಿಳಿದು ಏನು ಕಂಡಿತೋ ಅದನ್ನೆಲ್ಲ ಬಾಚಿಕೊಂಡು ಬಂದಳು. ಪಿಲ್ಬೀಮ್ ಚಹಾ ಮುಗಿಸಿ, ಒಲೆಯ ಮುಂದೆ ಒಂದು ಗಂಟೆ ತೂಕಡಿಸಿ, ಎದ್ದು ಮೀಸೆ ಒರೆಸಿಕೊಂಡು, ಒಲೆಗೆ ಇದ್ದಿಲು ಹಾಕಲೆಂದು ಮೇಲಿನ ಚಿತ್ರಶಾಲೆಗೆ ಹೋದ. ಬಾಗಿಲು ತೆರೆದವನು ಅಲ್ಲೇ ನಿಂತುಬಿಟ್ಟ. ಕೋಣೆಯ ನಡುವೆ ರೋಮನ್ ಕವಿ ಬತ್ತಲೆ ನಿಂತಿದ್ದ.

ಕವಿ ಎಂದರೆ ನಿಜವಾದ ಕವಿಯಲ್ಲ, ಆಳೆತ್ತರದ ಮರದ ಕೀಲುಗೊಂಬೆ. ಯಜಮಾನ ಥ್ರೇಲ್ ಅವರು ಚಿತ್ರಗಾರರು. ಅವರ ಮಟ್ಟಿಗೆ ರೋಮ್ ಬಿದ್ದ ಮೇಲೆ ಜಗತ್ತಿನಲ್ಲಿ ನೋಡುವಂಥದ್ದು ಏನೂ ನಡೆದಿರಲಿಲ್ಲ. ಅಮೃತಶಿಲೆಯ ಮೆಟ್ಟಿಲು, ಆಚೆಗೆ ನೀಲಿ ಸಮುದ್ರ, ನಡುವೆ ದ್ರಾಕ್ಷಿ ತಿನ್ನುತ್ತ ಒರಗಿದ ಹಳೆಯ ಕಾಲದ ಜನ, ಇಷ್ಟನ್ನೇ ಅವರು ಬರೆಯುತ್ತಿದ್ದದ್ದು. ಅವರು ಬರೆದ ಕಲ್ಲನ್ನು ನೋಡಿದ ಹೆಂಗಸರು ಚಳಿಯಾಗುತ್ತದೆಂದು ಶಾಲು ಹೊದ್ದುಕೊಳ್ಳುತ್ತಿದ್ದರು. ರೋಮನ್ನರ ಚಪ್ಪಲಿಯ ಬಾರು ಎಷ್ಟು ಸುತ್ತು ಎಂದು ಪಂಡಿತರನ್ನು ಕೇಳದೆ ಅವರು ಕುಂಚ ಅದ್ದುತ್ತಿರಲಿಲ್ಲ. ಈ ಸಲದ ಚಿತ್ರದಲ್ಲಿ ಒಬ್ಬ ಕವಿ ತನ್ನ ಕಾವ್ಯವನ್ನು ತಾನೇ ಓದುತ್ತ ನಿಂತಿದ್ದಾನೆ, ಸುತ್ತ ಕೂತ ಸ್ನೇಹಿತರೆಲ್ಲ ನಿದ್ದೆ ಹೋಗಿದ್ದಾರೆ. ಮುಂದಿನ ವಾರ ಅದು ಅಕಾಡೆಮಿಯ ಪ್ರದರ್ಶನಕ್ಕೆ ಹೋಗಬೇಕು. ಕವಿಯ ಮೈಮೇಲಿನ ಟೋಗಾ, ಅಂದರೆ ಆ ಉದ್ದನೆಯ ಮಾಸಲು ಬಿಳಿ ಹೊದಿಕೆ, ಅದನ್ನು ಕೀಲುಗೊಂಬೆಗೆ ಉಡಿಸಿ, ಒಂದೊಂದು ನೆರಿಗೆಯನ್ನೂ ಬೆರಳಲ್ಲಿ ತೀಡಿ ನಿಲ್ಲಿಸಿ, ಅದನ್ನು ನೋಡಿ ನೋಡಿ ಯಜಮಾನರು ತಿಂಗಳಾನುಗಟ್ಟಲೆ ಬರೆದಿದ್ದರು. ಟೋಗಾ ಗೊಂಬೆಯ ಮೇಲಿರುವಷ್ಟು ಕಾಲ ಅದರ ಹತ್ತಿರ ಯಾರೂ ಸುಳಿಯಬಾರದು, ಜೋರಾಗಿ ಸೀನಬಾರದು, ಕಿಟಕಿ ತೆರೆಯಬಾರದು. ಪಿಲ್ಬೀಮ್ ಅದನ್ನು ಕಣ್ಣೆತ್ತಿ ನೋಡುತ್ತಲೂ ಇರಲಿಲ್ಲ. ಗೋಡೆ ಬದಿಯಲ್ಲೇ ನಡೆದು ಒಲೆಗೆ ಇದ್ದಿಲು ಹಾಕಿ, ಗೋಡೆ ಬದಿಯಲ್ಲೇ ವಾಪಸು ಬರುತ್ತಿದ್ದ.

ಅವನಿಗಿಂತ ಮುಂಚೆ ಇದ್ದ ಆಳು ಒಂದು ದಿಂಬನ್ನು ಮಗ್ಗುಲು ತಿರುಗಿಸಿ ಇಟ್ಟ ತಪ್ಪಿಗೆ ಮನೆ ಬಿಟ್ಟಿದ್ದ. ಯಜಮಾನರು ಕೂಗಾಡುವವರಲ್ಲ. "ಇನ್ನು ನೀನು ಹೊರಡಬಹುದು" ಎಂದು ಮೆಲ್ಲಗೆ ಹೇಳುವವರು. ಹಾಗೆ ಹೇಳಿಸಿಕೊಂಡವನ ಬಗ್ಗೆ ಇನ್ನೊಂದು ಮನೆಗೆ ಒಳ್ಳೆಯ ಮಾತು ಹೋಗುವುದಿಲ್ಲ, ಒಳ್ಳೆಯ ಮಾತಿಲ್ಲದ ಆಳನ್ನು ಲಂಡನ್ನಿನಲ್ಲಿ ಯಾರೂ ಬಾಗಿಲೊಳಗೆ ಸೇರಿಸುವುದಿಲ್ಲ. ಕುದುರೆ ಲಾಯದ ಮೇಲಿನ ಎರಡು ಕೋಣೆಗಳಲ್ಲಿ ಪಿಲ್ಬೀಮ್ ಹೆಂಡತಿ ಹೆಸ್ಟರಳ ಜೊತೆ ಸಂಸಾರ ಹೂಡಿದ್ದ. ಕೆಲಸ ಹೋದರೆ ಆ ಕೋಣೆಗಳೂ ಹೋದವು. ಮದುವೆಯಾದ ಮೇಲೆ ಸೋರದ ಸೂರು ಕಂಡಿದ್ದು ಇದೇ ಮೊದಲು ಎಂದು ಹೆಸ್ಟರ್ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ಪಿಲ್ಬೀಮ್ ಮೆಟ್ಟಿಲು ಇಳಿದನೋ ಉರುಳಿದನೋ ಅವನಿಗೇ ಗೊತ್ತಿಲ್ಲ. ಒಗೆಯುವ ಕೋಣೆಗೆ ಬರುವಷ್ಟರಲ್ಲಿ ಟೋಗಾ ಹಂಡೆಯಲ್ಲಿ ಬೆಂದು, ಎರಡು ನೀರು ಕಂಡು, ನೀಲಿಯಲ್ಲಿ ಮುಳುಗಿ ಎದ್ದಿತ್ತು. ಮಿಸೆಸ್ ಡ್ಯಾಬ್ ಅದನ್ನು ಹಿಂಡುತ್ತ, ಗೊಂಬೆಗೆ ಹೊದಿಸಿದ್ದ ಇಷ್ಟು ಕೊಳೆಯ ಧೂಳು ಮುಸುಕನ್ನು ತಾನು ಕಂಡಿರಲಿಲ್ಲ, ನೋಡು ಈಗ ಹಂಸದ ಹಾಗೆ ಬೆಳ್ಳಗಾಗಿದೆ ಎಂದು ಹಿಗ್ಗಿನಿಂದ ತೋರಿಸಿದಳು. ಅದು ಧೂಳು ಮುಸುಕಲ್ಲ, ರೋಮನ್ ಕವಿಯ ಉಡುಪು ಎಂದಾಗ ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಅದೇ ಬಟ್ಟೆಯ ಬಣ್ಣಕ್ಕೆ ತಿರುಗಿತು. ಯಜಮಾನರು ಬಂದ ಕೂಡಲೇ ತಾನೇ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ ಅಂದಳು.

ಪಿಲ್ಬೀಮ್ ಒದ್ದೆ ನೆಲದ ಮೇಲೆ ಮಂಡಿಯೂರಿದ. ಯಜಮಾನರು ಬರುವುದರೊಳಗೆ ಬಟ್ಟೆ ಗೊಂಬೆಯ ಮೇಲೆ ಮೊದಲಿದ್ದ ಹಾಗೆ ಇರುತ್ತದೆ, ಒಂದು ಕಾಗೆ ಗುಬ್ಬಿಗೂ ಸುದ್ದಿ ತಿಳಿಯುವುದಿಲ್ಲ, ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ಬೇಡಿದ.

"ಕೇಳಿದ್ರೆ?" ಎಂದಳು ಮಿಸೆಸ್ ಡ್ಯಾಬ್. "ಕೇಳದೆ ಇದ್ರೆ ಬಾಯಿ ಮುಚ್ಕೊಂಡಿರೋದು ಪಾಪ ಅಲ್ಲ. ಕೇಳಿದ್ರೆ ಏನ್ಮಾಡ್ಲಿ ನಾನು?"

"ಕೇಳಿದ್ರೆ, ಈ ಬಟ್ಟೆ ಕಣ್ಣಲ್ಲೂ ನೋಡಿಲ್ಲ ಅನ್ನಿ. ನನ್ನ ಹೆಸ್ಟರ್ ಬೀದಿಗೆ ಬೀಳ್ತಾಳೆ ತಾಯಿ."

ಮಿಸೆಸ್ ಡ್ಯಾಬ್ ಹಿಂಡಿದ ಬಟ್ಟೆಯನ್ನೇ ಇನ್ನೆರಡು ಸಲ ಹಿಂಡಿದಳು. ಕೊನೆಗೆ, ದೇವರ ಹತ್ತಿರ ಮಾತಾಡಿ ನೋಡುತ್ತೇನೆ ಎಂದು ನಿಟ್ಟುಸಿರು ಬಿಟ್ಟು ಹಿಂಡುವ ಯಂತ್ರದ ಕಡೆ ತಿರುಗಿದಳು. ಅವಳ ತುಟಿ ಆ ಕ್ಷಣದಿಂದಲೇ ಅಲುಗತೊಡಗಿತು.

ಬಟ್ಟೆ ಒಣಗಿಸುವುದು ಮೊದಲ ಸಂಕಟ. ಹೊರಗಿನ ಮಂಜಿನಲ್ಲಿ ಹಾಕಿದರೆ ಮಸಿ ಹಿಡಿಯುತ್ತದೆ. ಅಡಿಗೆಮನೆಯ ಒಲೆಯ ಮುಂದೆ ಹಗ್ಗ ಕಟ್ಟಿ ಹರಡಿದರು. ಅಡಿಗೆಮನೆಯೇ ಡೇರೆಯಾಯಿತು. ಮಿಸೆಸ್ ಗಾಸ್ಲಿಂಗ್ ಅದರೊಳಗಿಂದ ತಲೆ ಹೊರಹಾಕಿ, ಸಂಜೆಯ ಅತಿಥಿಗೆ ಕೇಕು ಬೇಯಿಸಲೋ ಬಟ್ಟೆ ಬೇಯಿಸಲೋ ಒಂದು ಹೇಳು ಎಂದಳು. ಆಮೇಲೆ ಬಟ್ಟೆಯನ್ನು ಕಣ್ಣು ಕಿರಿದು ಮಾಡಿ ನೋಡಿ, "ಅಲ್ಲಪ್ಪಾ ಪಿಲ್ಬೀಮ್, ಇದು ಹಿಂಗಿತ್ತಾ? ನಾನು ಬಾಗಿಲ ಸಂದೀಲಿ ನೋಡಿದಾಗ ಹಳೇ ಪಿಯಾನೋ ಬಿಳೀ ಕೀಗಳ ಥರ ಇತ್ತು ಬಣ್ಣ" ಎಂದಳು.

ಅವಳು ಹೇಳಿದ್ದು ದಿಟ. ಯಜಮಾನರು ಆ ಬಟ್ಟೆಯನ್ನು ಹುಡುಕಿ ಹುಡುಕಿ ತಂದಿದ್ದೇ ಅದರ ಹಳೆಯ ದಂತದ ಬಣ್ಣಕ್ಕಾಗಿ. ಈಗ ಅದು ನೀಲಿ ಕುಡಿದು ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಪಿಲ್ಬೀಮನಿಗೆ ಬೆವರು ಕಿತ್ತುಕೊಂಡಿತು. ಒಗೆದ ಬಿಳುಪನ್ನು ಮತ್ತೆ ಕೊಳೆ ಮಾಡುವ ವಿದ್ಯೆಯನ್ನು ಈ ಊರಿನಲ್ಲಿ ಯಾರು ಕಲಿಸುತ್ತಾರೆ? ಕೊನೆಗೆ ದಾರಿ ಹೊಳೆದದ್ದು ಬೆಳಗಿನ ಕಪ್ಪಿನ ತಳದಲ್ಲಿದ್ದ ಕಲೆ ನೋಡಿ. ಬಟ್ಟೆಯನ್ನು ಚಹಾದಲ್ಲಿ ಅದ್ದಬೇಕು. ಆ ಉದ್ದದ ಬಟ್ಟೆಗೆ ಒಂದು ತೊಟ್ಟಿ ಚಹಾ ಬೇಕು. ಮಿಸೆಸ್ ಗಾಸ್ಲಿಂಗ್ ಚಹಾದ ಡಬ್ಬವನ್ನು ಎದೆಗವಚಿಕೊಂಡು, ಸಂಜೆಗೆ ಅತಿಥಿಯ ಮುಂದೆ ಬಿಸಿನೀರು ಇಡಲೇ ಎಂದು ಕೇಳಿದಳು. ಪಿಲ್ಬೀಮ್ ಅವಳಿಗೂ ಮಂಡಿಯೂರಿದ. ಆವತ್ತು ಅವನ ಮಂಡಿ ಬಿಡುವು ಕಾಣಲಿಲ್ಲ.

ಚಹಾದ ತೊಟ್ಟಿಯಲ್ಲಿ ಟೋಗಾ ಮುಳುಗಿ, ಎದ್ದು, ಮತ್ತೆ ಹಗ್ಗದ ಮೇಲೆ ಹರಡಿಕೊಂಡು ಆವಿಯಾಡುತ್ತಿರುವಾಗ ಹಿತ್ತಲ ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಪಕ್ಕದ ಮನೆಯ ಕರ್ನಲ್ ಟ್ರಾಟರ್. ಇಂಡಿಯಾದಲ್ಲಿ ದಂಡಿನಲ್ಲಿದ್ದು ನಿವೃತ್ತರಾದವರು; ಮಾಡಲು ಕೆಲಸವಿಲ್ಲದೆ ಅಕ್ಕಪಕ್ಕದ ಮನೆಗಳಿಗೆ ಪಹರೆ ತಿರುಗುತ್ತಿದ್ದರು. ಗೋಡೆಯಾಚೆಯಿಂದ ಅಡಿಗೆಮನೆಯ ಕಿಟಕಿ ನೋಡಿ, ಕವಿಯ ಬಟ್ಟೆ ಒಲೆಯ ಮುಂದೆ ಏಕಿದೆ ಎಂದು ವಿಚಾರಿಸಲು ಬಂದಿದ್ದರು. ಬಾಯಿ ಬಿಡುವ ಪೈಕಿ ತಾನಲ್ಲ, ಆದರೆ ಸಂಜೆ ಥ್ರೇಲ್ ಸಿಕ್ಕಾಗ ಮಾತಿಗೆ ಮಾತು ಬಂದರೆ ಹೇಳದೆ ಇರುವುದು ಕಷ್ಟ ಎಂದರು. ಸಹಾಯಕ್ಕೆ ಕರೆದರೆ ಬೇರೆ ಮಾತು. ಪಿಲ್ಬೀಮ್ ಕರೆದ.

ಕರ್ನಲ್ ಕೂತು ಇನ್ನೂ ಹೊಗೆಪೈಪು ಹಚ್ಚಿಲ್ಲ, ಅಷ್ಟರಲ್ಲಿ ಗೆಟಾನೊ ಬಂದ. ಚಿತ್ರಗಾರರ ಮುಂದೆ ಕದಲದೆ ಕೂತು ಹೊಟ್ಟೆ ಹೊರೆಯುವ ಇಟಲಿಯವನು. ಆ ಚಿತ್ರದ ಕವಿಯ ಮುಖ ಅವನದೇ, ನಿದ್ದೆ ಹೋದ ಸ್ನೇಹಿತರಲ್ಲಿ ಮೂವರ ಮುಖವೂ ಅವನದೇ. ಇವತ್ತು ಅವನಿಗೆ ಕರೆ ಇರಲಿಲ್ಲ. ಚಳಿಗೆ ಒಲೆ ಹುಡುಕಿಕೊಂಡು ಬಂದಿದ್ದ. ವಿಷಯ ತಿಳಿದ ಕೂಡಲೇ ಎದೆ ಉಬ್ಬಿಸಿ, ಇದೇನು ದೊಡ್ಡ ವಿಷಯ, ಟೋಗಾ ತನ್ನ ರಕ್ತದಲ್ಲೇ ಇದೆ, ತನ್ನ ಮುತ್ತಾತಂದಿರು ಸೀಸರನ ಜೊತೆ ಊಟಕ್ಕೆ ಕೂರುತ್ತಿದ್ದರು ಎಂದ.

ಹೀಗೆ ಮಧ್ಯಾಹ್ನ ಕಳೆಯುವ ಹೊತ್ತಿಗೆ ಒಂದು ಅರೆಒಣಗಿದ ಬಟ್ಟೆಯ ಹಿಂದೆ ಮೆರವಣಿಗೆಯೇ ಮೇಲಿನ ಚಿತ್ರಶಾಲೆಗೆ ಹೊರಟಿತು. ಮುಂದೆ ಪಿಲ್ಬೀಮ್, ಹಿಂದೆ ಕರ್ನಲ್, ಗೆಟಾನೊ, ಕೇಕಿನ ಹಿಟ್ಟು ಕೈಯಲ್ಲೇ ಇಟ್ಟುಕೊಂಡು ಮಿಸೆಸ್ ಗಾಸ್ಲಿಂಗ್. ಮಿಸೆಸ್ ಡ್ಯಾಬ್ ಮಾತ್ರ ಕೆಳಗೇ ಉಳಿದು ಇಸ್ತ್ರಿ ಮಾಡುತ್ತ ದೇವರೊಂದಿಗೆ ವಾದ ನಡೆಸಿದ್ದಳು.

ಮೊದಲು ಗೆಟಾನೊ ಉಡಿಸಿದ. ರಕ್ತದಲ್ಲಿದ್ದ ವಿದ್ಯೆ ಬೆರಳಿಗೆ ಇಳಿಯುವಷ್ಟರಲ್ಲಿ ದಾರಿ ತಪ್ಪಿತೋ ಏನೋ, ಕವಿ ಕ್ಷೌರಕ್ಕೆ ಕೂತವನ ಹಾಗೆ ಕಂಡ. ಸ್ವಲ್ಪ ಹಿಡಿದು ಕೇಳಿದಾಗ ಗೆಟಾನೊ ರೋಮ್ ಊರನ್ನು ನೋಡೇ ಇಲ್ಲ, ಹುಟ್ಟಿ ಬೆಳೆದದ್ದೆಲ್ಲ ಇದೇ ಲಂಡನ್ನಿನ ಕ್ಲರ್ಕನ್‌ವೆಲ್ಲಿನ ಗಲ್ಲಿಯಲ್ಲಿ, ಮುತ್ತಾತಂದಿರ ವಿಷಯ ಗೊತ್ತಿಲ್ಲ, ಅಪ್ಪ ಐಸ್‌ಕ್ರೀಮ್ ಮಾರುತ್ತಿದ್ದುದಷ್ಟೇ ಖಾತರಿ ಎಂದು ಹೊರಬಿತ್ತು. ಆಮೇಲೆ ಮಿಸೆಸ್ ಗಾಸ್ಲಿಂಗ್ ಕೈಹಾಕಿದಳು. ಬಟ್ಟೆ ಅಂದರೆ ಬಟ್ಟೆ, ಕಡುಬನ್ನು ಸುತ್ತುವ ಹಾಗೆ ಸುತ್ತಿದರಾಯಿತು ಅಂದಳು. ಕವಿ ಕಡುಬಿನ ಹಾಗೆಯೇ ಆದ.

"ಸರೀರಿ ಎಲ್ಲರೂ ಆ ಕಡೆ," ಎಂದರು ಕರ್ನಲ್, ಕೋಟು ಬಿಚ್ಚಿ. "ಬೆಂಗಳೂರು ದಂಡಿನಲ್ಲಿ ಹನ್ನೆರಡು ವರ್ಷ ಇದ್ದವನು ನಾನು. ಬಟ್ಟೆ ಉಡೋದು ಅಂದ್ರೆ ಆ ಜನಾನೇ. ನನ್ನ ಕಚೇರಿ ಗುಮಾಸ್ತ ಇಷ್ಟೇ ಉದ್ದದ್ದು ಉಟ್ಕೊಂಡು ಕುದುರೆ ಹತ್ತುತಿದ್ದ. ಒಂದು ನೆರಿಗೆ ಕದಲ್ತಿರ್ಲಿಲ್ಲ."

ಅವರು ಬಟ್ಟೆಯನ್ನು ಗೊಂಬೆಯ ನಡುವಿಗೆ ಸುತ್ತಿ, ಮುಂದೆ ನೆರಿಗೆ ಹಿಡಿದು ಸಿಕ್ಕಿಸಿ, ಇನ್ನೊಂದು ತುದಿಯನ್ನು ಎರಡು ಕಾಲಿನ ನಡುವೆ ಹಾಯಿಸಿ ಹಿಂದಕ್ಕೆ ಎಳೆದು ಬಿಗಿದರು. ಕೆಲಸ ಅಚ್ಚುಕಟ್ಟಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ರೋಮನ್ ಕವಿ ಕಚ್ಚೆ ಕಟ್ಟಿಕೊಂಡು, ಒಂದು ಕೈ ಮೇಲೆತ್ತಿ, ಪಂಕ್ತಿಯಲ್ಲಿ ಸಾರು ಬಡಿಸಲು ಹೊರಟವನ ಹಾಗೆ ನಿಂತ. ಕರ್ನಲ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಪೂಜೆಯೊಂದು ಬಾಕಿ ಎಂದರು. ಪಿಲ್ಬೀಮ್ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಹೊರಗೆ ಬೀದಿಯಲ್ಲಿ ಗಾಡಿ ಹೋದ ಸದ್ದಾದಾಗಲೆಲ್ಲ ಬಾಗಿಲ ಕಡೆ ತಿರುಗಿ ನೋಡುತ್ತಿದ್ದ. ಚಾವಣಿಯ ಗಾಜಿನಿಂದ ಬೀಳುವ ಬೆಳಕು ಆಗಲೇ ಬಾಡತೊಡಗಿತ್ತು.

ಹಣೆ ಒತ್ತಿದ ಗೋಡೆ ಗೋಡೆಯಾಗಿರಲಿಲ್ಲ, ಚಿತ್ರದ ಚೌಕಟ್ಟಿನ ಹಿಂಭಾಗವಾಗಿತ್ತು. ಮುಖವೆತ್ತಿದವನಿಗೆ ಮೈಯೆಲ್ಲ ಮಿಂಚು ಹರಿದಂತಾಯಿತು. ನಾಲ್ಕು ಜನ ನಾಲ್ಕು ಕಡೆ ಎಳೆದಾಡುತ್ತಿರುವ ಆ ನೆರಿಗೆಗಳನ್ನು ಯಜಮಾನರು ಒಂದೂ ಬಿಡದೆ ಇಲ್ಲೇ ಬರೆದಿಟ್ಟಿದ್ದಾರೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಗಿತ್ತು ಅವನ ಕತೆ. ಅವನು ಚಿತ್ರದ ಮುಂದೆ ಬಂದು ನಿಂತ. ಇಷ್ಟು ದಿನ ಅದರ ಮುಂದೆ ಇದ್ದಿಲು ಹೊತ್ತು ಓಡಾಡಿದ್ದನೇ ಹೊರತು ನೋಡಿರಲಿಲ್ಲ. ಈಗ ನೋಡಿದ.

"ಯಾರೂ ಮುಟ್ಟಬೇಡಿ," ಎಂದ. ಅವನ ದನಿಯಲ್ಲಿ ಏನಿತ್ತೋ, ಕರ್ನಲ್ ಕೂಡ ಕೈ ಹಿಂದೆ ಕಟ್ಟಿಕೊಂಡರು.

ಕಚ್ಚೆ ಬಿಚ್ಚಿದ. ಚಿತ್ರದಲ್ಲಿ ಬಲ ಭುಜದಿಂದ ಇಳಿದ ಬಟ್ಟೆ ಎದೆಯ ಮೇಲೆ ಒಂದು ದೊಡ್ಡ ಜೋಲಿಯಾಗಿ ಬಾಗಿ, ಎಡ ಕಂಕುಳ ಕೆಳಗೆ ಹೊಕ್ಕು, ಬೆನ್ನ ಹಿಂದಿನಿಂದ ಸುತ್ತಿ ಬರುತ್ತಿತ್ತು. ಹಾಗೇ ಬಿಟ್ಟ. ಗೆಟಾನೊ ಗುಂಡುಸೂಜಿ ಹಿಡಿದು ನಿಂತ. ಮಿಸೆಸ್ ಗಾಸ್ಲಿಂಗ್ ಚಿತ್ರದ ಮುಂದೆ ನಿಂತು ಓದಿದಳು: ಭುಜದ ಹತ್ತಿರ ಒಂದು ಆಳವಾದ ಮಡಿಕೆ, ಅದರ ಮಗ್ಗುಲಿಗೆ ಎರಡು ತೆಳ್ಳನೆಯವು, ಮೂರನೆಯದು ಅರ್ಧಕ್ಕೇ ಸತ್ತುಹೋಗಿದೆ. ಒದ್ದೆ ಇನ್ನೂ ಪೂರ್ತಿ ಆರದ ಬಟ್ಟೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ನೆರಿಗೆ ನಿಲ್ಲಿಸಿದರೆ ಪಕ್ಕದ್ದು ಜಾರುತ್ತಿತ್ತು. ಒಮ್ಮೆ ಗೆಟಾನೊ ಸೀನಲು ಬಾಯಿ ತೆರೆದಾಗ ಕರ್ನಲ್ ತಮ್ಮ ಟೋಪಿಯನ್ನೇ ಅವನ ಮುಖಕ್ಕೆ ಒತ್ತಿ ಹಿಡಿದರು. ಪಿಲ್ಬೀಮನ ಬೆನ್ನು ಸೆಟೆದುಹೋಯಿತು. ಆದರೂ ಮನಸ್ಸಿನಲ್ಲಿ ಎಂದೂ ಇಲ್ಲದ ಒಂದು ಹಿತ ಹುಟ್ಟತೊಡಗಿತ್ತು. ಆ ಮೂರನೆಯ ನೆರಿಗೆ ಅರ್ಧಕ್ಕೇ ಏಕೆ ಸಾಯಬೇಕು ಎಂಬುದು ಅವನಿಗೆ ಅರ್ಥವಾಯಿತು. ಅದು ಸಾಯದಿದ್ದರೆ ಜೋಲಿ ಬಾಗುವುದಿಲ್ಲ. ಹೆಸ್ಟರಳಿಗೆ ಇದನ್ನು ಹೇಳಬೇಕು ಅಂದುಕೊಂಡ.

ಕೊನೆಯ ಸೂಜಿಯನ್ನು ಒಳಗೆ ಅಡಗಿಸಿ ಅವನು ಹಿಂದೆ ಸರಿದ. ಗೊಂಬೆಯ ಮೇಲಿನ ಬಟ್ಟೆಗೂ ಚಿತ್ರದ ಮೇಲಿನ ಬಟ್ಟೆಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಕೋಣೆಯ ಒಲೆಯ ಕಾವಿಗೆ ಬಟ್ಟೆ ಪೂರ್ತಿ ಆರಿ, ಚಹಾದ ಬಣ್ಣ ಕೂಡ ಹಳೆಯ ದಂತಕ್ಕೆ ಬಂದು ಕೂತಿತ್ತು. ಆಮೇಲೆ ಎಲ್ಲರಿಗೂ ಒಟ್ಟಿಗೇ ಮಾತು ಬಂತು. ತನ್ನ ಸೂಜಿ ಇಲ್ಲದಿದ್ದರೆ ಎಂದು ಗೆಟಾನೊ, ತನ್ನ ಚಹಾ ಇಲ್ಲದಿದ್ದರೆ ಎಂದು ಮಿಸೆಸ್ ಗಾಸ್ಲಿಂಗ್, ಶಿಸ್ತಿಲ್ಲದಿದ್ದರೆ ಎಂದು ಕರ್ನಲ್. ಈ ಜಗಳ ಇನ್ನೂ ತೀರಿರಲಿಲ್ಲ, ಗೇಟಿನ ಹತ್ತಿರ ಗಾಡಿ ನಿಂತಿತು.

ಕರ್ನಲ್ಲರೂ ಗೆಟಾನೊನೂ ಪಕ್ಕದ ಸಣ್ಣ ಕೋಣೆಗೆ ನುಗ್ಗಿ ಪರದೆ ಎಳೆದುಕೊಂಡರು. ಮಿಸೆಸ್ ಗಾಸ್ಲಿಂಗ್ ಹಿಂದಿನ ಮೆಟ್ಟಿಲಲ್ಲಿ ಚಹಾ ತರಲು ಓಡಿದಳು. ಪಿಲ್ಬೀಮ್ ಬಾಗಿಲ ಬಳಿ ಕೈ ಜೋಡಿಸಿ ನಿಂತ. ಯಜಮಾನರು ಬಂದರು. ಜೊತೆಯಲ್ಲಿ ಬಿಳಿ ಗಡ್ಡದ ಒಬ್ಬ ಮುದುಕರು. ಹಳೆಯ ರೋಮಿನ ವಿಷಯದಲ್ಲಿ ಥ್ರೇಲ್ ಅವರು ಎದುರು ಮಾತಾಡದ ಪ್ರೊಫೆಸರ್ ಕ್ರೂಕ್. ಮುದುಕರು ಒಳಗೆ ಕಾಲಿಟ್ಟವರೇ ಮೂಗು ಮೇಲೆ ಮಾಡಿ, ಚಹಾದ ಪರಿಮಳ ಎಷ್ಟು ಚೆನ್ನಾಗಿದೆ ಎಂದರು. ಪುಣ್ಯಕ್ಕೆ ಅದೇ ಹೊತ್ತಿಗೆ ಮಿಸೆಸ್ ಗಾಸ್ಲಿಂಗ್ ತಟ್ಟೆ ಹಿಡಿದು ಬಂದಳು. ಪ್ರೊಫೆಸರು ಒಂದು ಗುಟುಕು ಕುಡಿದು, ಪರಿಮಳವೆಲ್ಲ ಗಾಳಿಗೇ ಹೋಗಿಬಿಟ್ಟಿದೆ ಎಂದು ಕಪ್ಪನ್ನು ಕೆಳಗಿಟ್ಟು ಗೊಂಬೆಯ ಕಡೆ ತಿರುಗಿದರು. ಯಜಮಾನರೂ ತಿರುಗಿದರು.

ಯಜಮಾನರು ಬಟ್ಟೆ ನೋಡಿದರು, ಚಿತ್ರ ನೋಡಿದರು, ಮತ್ತೆ ಬಟ್ಟೆ ನೋಡಿದರು. ಅವರ ಮುಖದ ಬಣ್ಣ ಬದಲಾಯಿತು.

"ಅದ್ಭುತ," ಎಂದರು ಪ್ರೊಫೆಸರ್ ಕ್ರೂಕ್, ಕನ್ನಡಕ ಸರಿಮಾಡಿಕೊಂಡು. "ಒಂದು ನೂಲು ಆಚೆ ಈಚೆ ಇಲ್ಲ. ಚಿತ್ರಾನೇ ಎದ್ದು ಬಂದು ನಿಂತ ಹಾಗಿದೆ."

"ಇದನ್ನು ಯಾರು ಮಾಡಿದ್ದು?" ಎಂದರು ಯಜಮಾನರು. ದನಿ ಹತ್ತಿಯಷ್ಟು ಮೆತ್ತಗಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ. ಆದರೆ ಪಿಲ್ಬೀಮನ ಜನ್ಮದಲ್ಲಿ ಯಾರೂ ಅವನ ಕೈಕೆಲಸಕ್ಕೆ ಅದ್ಭುತ ಎಂದಿರಲಿಲ್ಲ. ಅಂಥ ಮಾತು ಕಿವಿಗೆ ಬಿದ್ದಾಗ ಬುದ್ಧಿ ಎಲ್ಲಿ ನಿಂತೀತು? ಅದರ ಮೇಲೆ ಪರದೆ ಅಲುಗಿತು, ಗೆಟಾನೊನ ಚಪ್ಪಲಿ ಅರ್ಧ ಹೊರಗೆ ಬಂತು, ಕರ್ನಲ್ ಗಂಟಲು ಸರಿಮಾಡಿಕೊಂಡರು. ತನ್ನ ಕೀರ್ತಿಗೆ ಪಾಲುದಾರರು ಹುಟ್ಟುವ ಮೊದಲೇ ಪಿಲ್ಬೀಮ್ ಮುಂದೆ ಬಂದು ನಿಂತ.

"ನಾನೇ ಸರ್. ನಾನೊಬ್ಬನೇ. ಚಿತ್ರ ನೋಡ್ಕೊಂಡು, ಒಂದು ನೆರಿಗೆ ಬಿಡದ ಹಾಗೆ ಕೂರಿಸಿದೀನಿ."

ಯಜಮಾನರು ಕುರ್ಚಿಯ ಮೇಲೆ ಕೂತರು. ಪ್ರೊಫೆಸರ ಕಡೆ ನೋಡಿ ನಕ್ಕ ಹಾಗೆ ಮಾಡಿದರು, ಅದು ನಗು ಆಗಿರಲಿಲ್ಲ. ಆಮೇಲೆ ಮೆಲ್ಲಗೆ ಹೇಳತೊಡಗಿದರು. ನಿನ್ನೆ ಭಾನುವಾರ ಮನೆಯವರೆಲ್ಲ ಪ್ರಾರ್ಥನೆಗೆ ಹೋಗಿದ್ದಾಗ ಪ್ರೊಫೆಸರು ಬಂದಿದ್ದರು. ಚಿತ್ರ ನೋಡಿದವರೇ, ರೋಮನ್ನರು ಟೋಗಾವನ್ನು ಹಾಕುತ್ತಿದ್ದದ್ದು ಎಡ ಭುಜದ ಮೇಲೆ, ಇದು ಬಲ ಭುಜದ ಮೇಲಿದೆ ಎಂದು ತೋರಿಸಿಕೊಟ್ಟಿದ್ದರು. ತಿಂಗಳುಗಟ್ಟಲೆ ಬರೆದದ್ದೆಲ್ಲ ತಪ್ಪು. ಹಾಗೇ ಕಳಿಸಿದ್ದರೆ ಪ್ರದರ್ಶನದಲ್ಲಿ ಲಂಡನ್ನಿನ ಪಂಡಿತರೆಲ್ಲ ಅದರ ಮುಂದೆ ನಿಂತು ನಗುತ್ತಿದ್ದರು. ಇಬ್ಬರೂ ಸೇರಿ ನಿನ್ನೆ ಇಡೀ ಮಧ್ಯಾಹ್ನ ಬಟ್ಟೆಯನ್ನು ಬಿಚ್ಚಿ ಎಡ ಭುಜಕ್ಕೆ ಸರಿಯಾಗಿ ಉಡಿಸಿದ್ದರು. ನಾಳೆ ಬೆಳಿಗ್ಗೆ ಚಿತ್ರದ ತಪ್ಪು ಭಾಗ ಕೆರೆದು ಹೊಸದಾಗಿ ಬರೆಯುವುದೆಂದು ನಿಶ್ಚಯವಾಗಿತ್ತು.

"ಎಡ ಭುಜ," ಎಂದು ಪ್ರೊಫೆಸರು ದುಃಖದಿಂದ ತಲೆ ಅಲ್ಲಾಡಿಸಿದರು.

"ಬಂದು ನೋಡಿದರೆ," ಎಂದರು ಯಜಮಾನರು, "ನನ್ನ ಆಳು ಅದನ್ನು ಬಿಚ್ಚಿ ಹಳೆಯ ಹಾಗೇ ಉಡಿಸಿದ್ದಾನೆ. ಅಂದ್ರೆ ಪಿಲ್ಬೀಮ್, ನಿನ್ನ ಅಭಿಪ್ರಾಯದಲ್ಲಿ ಹಳೇದೇ ಚೆನ್ನಾಗಿತ್ತು."

ಪಿಲ್ಬೀಮನಿಗೆ ಕೋಣೆ ತಿರುಗಿತು. ತನಗೆ ಅಭಿಪ್ರಾಯ ಎಂಬುದೇ ಇಲ್ಲ, ಯಾವತ್ತೂ ಇರಲಿಲ್ಲ ಎಂದು ಹೇಳಲು ಹೋದ. ಯಜಮಾನರು ಕೈಯೆತ್ತಿ ತಡೆದರು. ಪತ್ರಿಕೆಗಳಲ್ಲಿ ಬರೆಯುವ ವಿಮರ್ಶಕರನ್ನು ತಾನು ಇಷ್ಟು ವರ್ಷ ಹೇಗೋ ಸಹಿಸಿದ್ದೇನೆ, ಅವರು ಗೇಟಿನ ಹೊರಗಿರುತ್ತಾರೆ. ಮನೆಯೊಳಗೇ, ತನ್ನ ಒಲೆಗೆ ಇದ್ದಿಲು ಹಾಕುವ ವಿಮರ್ಶಕನನ್ನು ಸಾಕಲಾರೆ ಎಂದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಪಿಲ್ಬೀಮ್ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದ. ಎರಡನೆಯ ಕಪ್ಪು, ಹಂಡೆ, ನೀಲಿ, ಚಹಾದ ತೊಟ್ಟಿ, ಕರ್ನಲ್ಲರ ಕಚ್ಚೆಯವರೆಗೆ. ಸಾಕ್ಷಿಗೆಂದು ಪಕ್ಕದ ಕೋಣೆಯ ಪರದೆ ಎಳೆದು ತೋರಿಸಿದ. ಒಳಗೆ ಯಾರೂ ಇರಲಿಲ್ಲ. ಅಡಿಗೆಮನೆಯ ಸೂರಿನ ಮೇಲೆ ತೆರೆದುಕೊಂಡ ಕಿಟಕಿಯಿಂದ ಮಂಜು ಬರುತ್ತಿತ್ತು. ಮಿಸೆಸ್ ಗಾಸ್ಲಿಂಗ್, ಕೇಕು ಸೀಯುತ್ತದೆ ಎಂದು ಗೊಣಗಿ ಇಳಿದುಹೋಗಿದ್ದಳು.

ಯಜಮಾನರು ಸಮಾಧಾನದಿಂದ ಕೇಳಿದರು.

"ಬಟ್ಟೆ ಒಗೆಯೋಕೆ ಹೋಗಿದ್ದರೆ ನಾನು ಒಂದು ಮಾತೂ ಆಡ್ತಿರಲಿಲ್ಲ ಪಿಲ್ಬೀಮ್. ಕೈತಪ್ಪು ಯಾರಿಗಿಲ್ಲ. ಪ್ರೊಫೆಸರೂ ನಾನೂ ಈಗಲೇ ನಗ್ತಾ ನಗ್ತಾ ಮತ್ತೆ ಉಡಿಸಿಬಿಡ್ತಿದ್ದೆವು. ಆದರೆ ಹಂಡೆಯಲ್ಲಿ ಬೆಂದು ಬಂದ ಬಟ್ಟೆ ಹೀಗೆ ನೆರಿಗೆ ನೆರಿಗೆಯೂ ನೆನಪಿಟ್ಟುಕೊಂಡು ಬಂದು ಕೂರುತ್ತದೆಯೇ? ಬಣ್ಣ ಸಹ ಮಾಸಿಲ್ಲ. ನೀನೇ ನೋಡು."

ಪಿಲ್ಬೀಮ್ ನೋಡಿದ. ಅವನು ಮಾಡಿದ ಕೆಲಸದಲ್ಲಿ ಒಂದೇ ಒಂದು ಕುಂದು ಹುಡುಕಿದ. ಸಿಗಲಿಲ್ಲ.

"ಮಿಸೆಸ್ ಡ್ಯಾಬ್‌ನ ಕೇಳಿ ಸರ್," ಎಂದ. "ಅವರ ಕೈಯಾರೆ ಒಗೆದಿದ್ದು. ಅವರ ಮಾತು ಒಂದು ಕೇಳಿ, ಸಾಕು."

ಯಜಮಾನರು ಒಪ್ಪಿದರು. ಆ ಹೆಂಗಸು ಹೌದು ಅಂದರೆ ತಾನು ನಂಬುತ್ತೇನೆ, ಈ ವಿಷಯ ಇಲ್ಲಿಗೇ ಮರೆತುಬಿಡುತ್ತೇನೆ ಎಂದು ಮಾತು ಕೊಟ್ಟರು. ಕರೆ ಹೋಯಿತು. ಮಿಸೆಸ್ ಡ್ಯಾಬ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. ಬೆಳಗಿನಿಂದ ಪ್ರಾರ್ಥಿಸಿ ಪ್ರಾರ್ಥಿಸಿ ಮುಖ ಸೋತಿತ್ತು. ಪಿಲ್ಬೀಮನಿಗೆ ಹೋದ ಜೀವ ಬಂದಂತಾಯಿತು. ಇಡೀ ಬೀದಿಯಲ್ಲಿ ಸತ್ಯಕ್ಕೆ ಇನ್ನೊಂದು ಹೆಸರು ಇವಳದೇ.

"ಮಿಸೆಸ್ ಡ್ಯಾಬ್," ಎಂದರು ಯಜಮಾನರು, "ಇವತ್ತು ಈ ಬಟ್ಟೆ ಒಗೆದಿರಾ?"

ಅವಳು ಬಟ್ಟೆಯನ್ನು ನೋಡಿದಳು. ಆಮೇಲೆ ಪಿಲ್ಬೀಮನನ್ನು ನೋಡಿದಳು. ಪಿಲ್ಬೀಮ್ ಕಣ್ಣರಳಿಸಿ, ಹೇಳು ಹೇಳು ಎಂದು ಕತ್ತು ಮುರಿಯುವಂತೆ ತಲೆ ಆಡಿಸಿದ. ಅವಳ ಕಣ್ಣಲ್ಲಿ ನೀರು ತುಂಬಿತು. ಕೊಟ್ಟ ಮಾತು ನೆನಪಿದೆ, ಹೆದರಬೇಡ ಎನ್ನುವಂತೆ ಅವನಿಗೊಂದು ಸಣ್ಣ ನಗು ನಕ್ಕು, ಯಜಮಾನರ ಕಡೆ ತಿರುಗಿ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಇಲ್ಲ ಸ್ವಾಮಿ. ಈ ಬಟ್ಟೆ ನಾನು ಕಣ್ಣಲ್ಲೂ ನೋಡಿಲ್ಲ."

ಪ್ರೊಫೆಸರು ಕೆಮ್ಮಿದರು. ಯಜಮಾನರು ಮಿಸೆಸ್ ಡ್ಯಾಬ್‌ಗೆ ವಂದನೆ ಹೇಳಿ, ಪಿಲ್ಬೀಮನ ಕಡೆ ತಿರುಗಿ, ಇನ್ನು ನೀನು ಹೊರಡಬಹುದು ಎಂದು ಮೆಲ್ಲಗೆ ಅಂದರು. ಕೆಳಗೆ ಹೋಗಿ ಕೆಲಸ ನೋಡಿಕೋ ಎಂದರೆಂದೇ ಮಿಸೆಸ್ ಡ್ಯಾಬ್ ತಿಳಿದಳು. ಇಬ್ಬರೂ ಒಟ್ಟಿಗೇ ಮೆಟ್ಟಿಲು ಇಳಿದರು. ಅರ್ಧ ದಾರಿಯಲ್ಲಿ ಮಿಸೆಸ್ ಡ್ಯಾಬ್ ಗೋಡೆಗೆ ಕೈಯೂರಿ ನಿಂತಳು.

"ಐವತ್ತು ವರ್ಷ ಕಾಪಾಡ್ಕೊಂಡು ಬಂದಿದ್ದೆ ಈ ನಾಲಿಗೇನ," ಎಂದಳು. "ಇವತ್ತು ನಿಮ್ಮ ಹೆಸ್ಟರ್‌ಗೋಸ್ಕರ ಹಾಳು ಮಾಡ್ಕೊಂಡೆ. ಹೋಗ್ಲಿ, ಸುಳ್ಳು ಸರಿಯಾಗಿ ಹೇಳಿದ್ನಾ?"

ಪಿಲ್ಬೀಮ್ ಅವಳ ಮುಖವನ್ನೇ ನೋಡಿದ. ನಾಳೆ ಬೆಳಿಗ್ಗೆ ಲಾಯದ ಮೇಲಿನ ಕೋಣೆಯಿಂದ ಪಾತ್ರೆ ಪಡಗ ಇಳಿಸುವಾಗ ಇವಳಿಗೆ ಹೇಗೂ ತಿಳಿಯುತ್ತದೆ.

"ಬಹಳ ಚೆನ್ನಾಗಿ ಹೇಳಿದ್ರಿ ಮಿಸೆಸ್ ಡ್ಯಾಬ್," ಎಂದ. "ನಿಮ್ಮ ಉಪಕಾರ ಮರೆಯೋ ಹಾಗಿಲ್ಲ."